ಬ್ರಾಹ್ಮಿ ಕೇಳಿದ್ರ ನೀರಬ್ರಾಹ್ಮಿ ಕೊಟ್ರು: ನಮ್ಮೂರಿನ ಒಂದ್ ನರ್ಸರಿ ಬಗ್ಗೆ ನಂದೊಂದ್ ರಿವ್ಯೂ

ಸ್ಟಾರ್ ಎಷ್ಟಂತ ಮೊದಲೇ ಹೇಳಿಬಿಡ್ತೀನಿ, ಐದರಾಗ ಮೂರು. ಗಿಡಕ್ಕ ನಾಕು, ಕೌಂಟರ್‌ದಾಗ ಕುಂತಿರೋ ಹುಡುಗನ ಮಾತಿಗಿ ಒಂದು, ಹಿಂದ ಪೈಪ್ ಹಿಡ್ಕೊಂಡು ನೀರ ಬಿಟ್ಕೋತ ಅಡ್ಡಾಡೋ ಮಾಲಿ ಕಾಕಾಗ ಐದಕ್ಕ ಐದು, ಎಲ್ಲಾ ಕೂಡ್ಸಿ ಭಾಗಿಸಿದ್ರ ಮೂರು ಚಿಲ್ರ ಬರ್ತದ, ಚಿಲ್ರ ನಾ ಇಟ್ಕೊಂಡೆ ಯಾಕಂದ್ರ ಅವರೂ ನನಗ ಚಿಲ್ರ ಕೊಟ್ಟಿಲ್ಲ. ನರ್ಸರಿ ಹೆಸರ ಬರಿಯಂಗಿಲ್ಲ. ಕಲಬುರಗಿ ರಿಂಗ್ ರೋಡ್ ದಾಟಿ ಹೊರಗ ಹೋದ್ರ ಹಸರ ನೆಟ್ ಕಟ್ಟಿದ್ದು ಅಲ್ಲೊಂದು ಇಲ್ಲೊಂದು ಸಿಗ್ತಾವ, ಅದರಾಗ ಒಂದು ಅಂತ ತಿಳ್ಕೋರಿ. ಯಾವ್ದಕ್ಕ ಹೋದ್ರೂ ಎರಡ್ ಬ್ಯಾರೆ ಬ್ಯಾರೆ ಗಿಡಕ್ಕ ಬ್ರಾಹ್ಮಿ ಅನ್ನೋ ಈ ಗದ್ದಲ ನಿಮಗೂ ಆಗೋದೇ, ಅದಕ್ಕ ಇಷ್ಟುದ್ದ ಬರಿಲತ್ತೀನಿ.

ಆಗಿದ್ದೇನಂದ್ರ ನಮ್ಮ ಮಗಂದು ಎಸ್ಸೆಸ್ಸೆಲ್ಸಿ. ಸಂಕ್ರಾಂತಿ ಮುಗದ ಕೂಡ್ಲೆ ಅತ್ತಿಯವರು ಸುರು ಮಾಡಿದ್ರು, ಪೋರಗ ಬ್ರಾಹ್ಮಿ ಎಲಿ ತಿನ್ನಸವ್ವಾ ತಲಿ ಚುರುಕಾಗ್ತದ ಅಂತ, ದಿನಾ ಎರಡ್ ಸಲ. ಆಯ್ತು ತಗೋ ಅಂತ ಒಂದ್ ಐತ್ವಾರ ಮನಿಯವರ ಗಾಡಿ ಹಿಂದ ಕುಂತು ಹೋದೆ. ನರ್ಸರಿ ನೋಡಾಕ ಖರೇನೇ ಚಂದ ಅದ, ಒಳಗ ಕಾಲಿಟ್ರ ಥಂಡಗ, ಗಿಡಕ್ಕೆಲ್ಲಾ ಚೀಟಿ ಅಂಟ್ಸ್ಯಾರ, ಒಣಗಿದ್ದನ್ನ ಮುಂದ ಇಟ್ಟು ಮಾರಂಗಿಲ್ಲ. ಕೌಂಟರ್ ಹುಡುಗಗ ಬ್ರಾಹ್ಮಿ ಬೇಕಪ್ಪಾ ಅಂದೆ, ಅಂವ ಮೊಬೈಲ್ ಮ್ಯಾಲಿಂದ ಕಣ್ಣ ಎತ್ತದೇನೇ ಎಡಕ್ಕ ಕೈ ಮಾಡಿದ, ಚೀಟಿ ಮ್ಯಾಲ ಬ್ರಾಹ್ಮಿ ಅಂತ ಬರದಿತ್ತು, 60 ರೂಪಾಯಿ ಫೋನ್‌ಪೇ ಮಾಡಿ ತಗೊಂಡು ಬಂದೆ. ನೀರ ಎಷ್ಟ್ ಹಾಕ್ಬೇಕು ಅಂತ ಕೇಳಿದ್ದಕ್ಕ "ದಿನಾ ಒಂದ್ ಗ್ಲಾಸ್ ಸಾಕ್ರಿ ಮೇಡಂ" ಅಂದಾ. ಈ ಒಂದ್ ಗ್ಲಾಸ್ ಮಾತು ನೆನಪಿಟ್ಕೋರಿ. ಅವನ ಮಾತಿಗಿ ಒಂದೇ ಸ್ಟಾರ್ ಕೊಟ್ಟಿದ್ದು ಅರ್ಧಾ ಇದಕ್ಕೇ.

ಮನಿಗಿ ತಂದು ಕಟ್ಟಿ ಮ್ಯಾಲ ಇಟ್ಟಿದ್ದೇ ಇಟ್ಟಿದ್ದು, ನಮ್ಮ ಮ್ಯಾಲಿನ ಮನಿ ಟೀಚರ್ ಇಳದು ಬಂದ್ರು. ಅವರು ಶಿರಸಿ ಕಡಿಯವರು, ವರ್ಗ ಆಗಿ ಇಲ್ಲಿಗಿ ಬಂದಾರ. ನೋಡಿ ನಕ್ಕು, ಇದು ಒಂದೆಲಗ ಅಲ್ಲ ಕಣ್ರೀ, ನಮ್ಮಲ್ಲಿ ಬ್ರಾಹ್ಮಿ ಅಂದ್ರೆ ಒಂದೆಲಗ, ಅಡಿಕೆ ತೋಟದಲ್ಲಿ ಕಳೆ ತರ ಬೆಳೆಯುತ್ತೆ, ಯಾರೂ ದುಡ್ಡು ಕೊಟ್ಟು ತರಲ್ಲ ಅಂದ್ರು. ಕಳಿ ಅಂತ! ನಾ ಇಲ್ಲಿ 60 ರೂಪಾಯಿ ಕೊಟ್ಟು ಕುಂತೀನಿ, ಅದೂ ಬ್ಯಾರೆ ಗಿಡಕ್ಕ.

ಎರಡರ ಫರಕು ಹೇಳ್ತೀನಿ, ಒಮ್ಮೆ ಗೊತ್ತಾದ್ರ ಮತ್ತ ಯಾವತ್ತೂ ತಪ್ಪಂಗಿಲ್ಲ. ಒಂದೆಲಗ ಅಂದ್ರ ಹೆಸರೇ ಹೇಳ್ತದಲಾ, ಒಂದ್ ಉದ್ದ ದಂಟು, ಅದರ ತುದೀಗ ಒಂದೇ ಎಲಿ, ಗುಂಡಗ, ದಂಟು ಕೂಡೋ ಕಡಿ ಸೀಳಿದಂಗ, ಅಂಚಿಗಿ ಯಾರೋ ಕತ್ರಿ ತಗೊಂಡು ನಕ್ಷಿ ಮಾಡಿದಂಗ. ನೆಲದ ಮ್ಯಾಲ ಬಳ್ಳಿ ಹಬ್ಬಿ ಗೆಣ್ಣ ಗೆಣ್ಣಿಗಿ ಬೇರ ಬಿಡ್ತದ. ತಿಕ್ಕಿ ಮೂಸಿದ್ರ ತುಸು ಕೊತ್ತಂಬರಿ ವಾಸನಿ, ಬರಲೇಬೇಕು, ಇದು ಕೊತ್ತಂಬರಿ ಜೀರಗಿ ಗಜ್ಜರಿ ಇವುಗಳ ಕುಲದ್ದೇ. ನನಗ ಕೊಟ್ಟಿದ್ದು ನೀರಬ್ರಾಹ್ಮಿ, ಅದರ ಎಲಿ ತೊಗರಿ ಬ್ಯಾಳಿಗಿಂತ ತುಸು ಉದ್ದ, ಮುಟ್ಟಿದ್ರ ದಪ್ಪ, ದಂಟಿನ ಎರಡೂ ಬಾಜೂ ಜೋಡಿ ಜೋಡಿ ಇರ್ತಾವ, ಬಾಯಾಗ ಹಾಕ್ಕೊಂಡ್ರ ಕಹಿ ಅಂದ್ರ ಕಹಿ, ನಮ್ಮ ಮಗ ಒಂದ್ ಎಲಿ ಅಗದು ಸೀದಾ ಬಚ್ಚಲಿಗಿ ಓಡಿದ.

ಮರುದಿನ ನಾನೂ ಸಿಟ್ಟಿಲೇ ಹೋದೆ. ಹುಡುಗ ಚೀಟಿ ತೋರ್ಸಿ "ಬರದದ ನೋಡ್ರಿ, ಬ್ರಾಹ್ಮಿ" ಅಂತ ಒಂದೇ ಹಠ. ವಾಪಸ್ ತಗೋಳಂಗಿಲ್ಲ, ಬದ್ಲಿ ಕೊಡಂಗಿಲ್ಲ, ರಸೀದಿ ಎಲ್ಲದ ಅಂದಾ. ರಸೀದಿ ಕೊಟ್ಟಿದ್ರ ತಾನೇ ಇರೋದು? ಈಗ ನ್ಯಾಯವಾಗಿ ಒಂದ್ ಮಾತು ಹೇಳ್ಬೇಕು, ಆಮ್ಯಾಲ ನಾ ಓದಿ ನೋಡಿದೆ, ಚೀಟಿ ಸರಿನೇ ಅದ. ಸರ್ಕಾರದ ಆಯುರ್ವೇದ ಫಾರ್ಮಾಕೋಪಿಯಾದಾಗ, ಅಂದ್ರ ಔಷಧಗಳ ಅಧಿಕೃತ ಪುಸ್ತಕದಾಗ, ಬ್ರಾಹ್ಮಿ ಅಂದ್ರ ಈ ಸಣ್ಣೆಲಿದ್ದೇ, ಬಕೋಪಾ ಮೊನ್ನಿಯೇರಿ. ಒಂದೆಲಗಕ್ಕ ಅದರಾಗ ಮಂಡೂಕಪರ್ಣಿ ಅಂತ ಬ್ಯಾರೇನೇ ಹೆಸರು, ಸಸ್ಯಶಾಸ್ತ್ರದವರು ಸೆಂಟೆಲ್ಲಾ ಏಷಿಯಾಟಿಕಾ ಅಂತಾರ. ಕೇರಳದವರಿಗಿ ಬ್ರಾಹ್ಮಿ ಅಂದ್ರ ನೀರಬ್ರಾಹ್ಮಿ, ಮಲೆನಾಡಿನವರಿಗಿ ಒಂದೆಲಗ. ಹೆಸರಿನ ಗೊಂದಲ ನಮ್ಮದಷ್ಟೇ ಅಲ್ಲ ಬಿಡ್ರಿ, ಒಂದೆಲಗಕ್ಕ ಸಸ್ಯವಿಜ್ಞಾನಿ ಲಿನೇಯಸ್ 1753ರಾಗ ಇಟ್ಟ ಹೆಸರು ಹೈಡ್ರೋಕಾಟೈಲ್, 1879ರಾಗ ಅದನ್ನ ಸೆಂಟೆಲ್ಲಾಕ್ಕ ಬದಲ ಮಾಡಿದ್ರು. ಅದಕ್ಕ ಹುಡುಗನ ಮ್ಯಾಲ ಆ ಸಿಟ್ಟು ಇಳದದ, ಆದ್ರ ಯಾವ ಬ್ರಾಹ್ಮಿ ಬೇಕ್ರಿ ಅಂತ ಒಂದ್ ಮಾತು ಕೇಳಾಕೇನು ರೊಕ್ಕ ಬೀಳ್ತಿತ್ತಾ?

ನಮ್ಮ ಗದ್ದಲ ಕೇಳಿ ಹಿಂದಿನಿಂದ ಮಾಲಿ ಕಾಕಾ ಬಂದ್ರು. ಏನೂ ಮಾತಾಡಲಿಲ್ಲ, ನನ್ನ ಕೈಯಾಗಿನ ಗಿಡ ನೋಡಿದ್ರು, ಬಾ ತಂಗಿ ಅಂತ ಹಿಂದ ಕರ್ಕೊಂಡು ಹೋದ್ರು. ಅಲ್ಲಿ ಸೋರೋ ನಳದ ಬುಡದಾಗ, ಇಟ್ಟಂಗಿ ಸಂದಿನಾಗ, ಒಂದೆಲಗ ತನ್ನಷ್ಟಕ್ಕ ತಾ ಹಬ್ಬಿತ್ತು, ಯಾರೂ ಹಚ್ಚಿಲ್ಲ, ಅದಕ್ಕ ಚೀಟಿನೂ ಇಲ್ಲ. ಬೇರ ಬಿಟ್ಟಿರೋ ಎರಡ್ ಗೆಣ್ಣ ಮಣ್ಣ ಸಮೇತ ಕಿತ್ತು ಪಾಕೀಟಿನಾಗ ಹಾಕಿ ಕೊಟ್ರು. ಕೌಂಟರ್‌ದಾಗ ಹುಡುಗ ಅದಕ್ಕೂ 50 ರೂಪಾಯಿ ತಗೊಂಡ. ಕಾಕಾ ಮುಖ ಆ ಕಡಿ ಮಾಡಿದ್ರು.

ಇನ್ನ ಬೆಳಸೋ ವಿಷಯಕ್ಕ ಬರೋಣ. ನರ್ಸರಿ ಪಾಕೀಟಿನ ಮಣ್ಣು ಮ್ಯಾಲ ನೋಡಾಕ ಹುಡಿಹುಡಿ ತೆಂಗಿನ ನಾರಿನ ಪುಡಿ, ಒಳಗ ಗಟ್ಟಿ ಕೆಂಪ ಮಣ್ಣಿನ ಹೆಂಟಿ. ಮ್ಯಾಲ ಹಸಿ ಕಾಣ್ತದ, ಒಳಗ ಬೇರಿನ ಹತ್ರ ಒಣ. ತಂದು ಒಂದ್ ವಾರದಾಗ ಬದಲ ಮಾಡ್ರಿ. ನಾ ಮೊದಲ ಏನ್ ಮಾಡಿದೆ ಅಂದ್ರ ನಮ್ಮ ಹೊಲದ ಎರಿ ಮಣ್ಣ ಒಂದ್ ಚೀಲ ಇತ್ತು, ಬರೇ ಅದರಾಗೇ ಹಚ್ಚಿದೆ, ತೊಗರಿ ಜ್ವಾಳ ಇಷ್ಟ್ ಚಲೋ ಬರ್ತಾವ ಇದೇನ್ ದೊಡ್ಡದಂತ. ಎರಿ ಮಣ್ಣ ಹಸಿ ಇದ್ರ ರಾಡಿ, ಒಣಗಿದ್ರ ಬಿರುಕು. ತೊಗರಿ ಬೇರ ಆಳಕ್ಕ ಹೋಗ್ತದ, ಅದಕ್ಕ ನಡೀತದ, ಒಂದೆಲಗದ ಬೇರ ಮ್ಯಾಲ ಮ್ಯಾಲೇ ಇರೋದು, ಬಿರುಕ ಬಿಟ್ರ ಪಟ್ ಅಂತ ಹರೀತಾವ. ಎಂಟ್ ದಿನದಾಗ ಅರ್ಧಾ ಎಲಿ ಹಳದಿ.

ಕಾಕಾಗ ವಾಟ್ಸಾಪ್‌ದಾಗ ಫೋಟೋ ಕಳಿಸಿದೆ, ಹೌದ್ರಿ, ನಂಬರ್ ತಗೊಂಡಿದ್ದೆ. ಅವರು ಬರಿಯಂಗಿಲ್ಲ, ಆಡಿಯೋ ಕಳಸ್ತಾರ, ಹಿಂದ ನೀರಿನ ಸಪ್ಪಳ ಕೇಳ್ತಿರ್ತದ. ಒಂದ್ ಪಾಲು ಎರಿ ಮಣ್ಣ, ಒಂದ್ ಪಾಲು ಉಸುಕು, ಒಂದ್ ಪಾಲು ಹಳೀ ಹೆಂಡಿ ಗೊಬ್ಬರ, ಹಸಿ ಹೆಂಡಿ ಹಾಕಬ್ಯಾಡ ಸುಡ್ತದ ಅಂದ್ರು. ಆಳದ ಕುಂಡ ಬ್ಯಾಡ, ಅಗಲ ಟಬ್ ತಗೋ, ಇದು ಕೆಳಗ ಹೋಗೋ ಗಿಡ ಅಲ್ಲ ಬಾಜೂಕ ಹೋಗೋ ಗಿಡ. ಮಣ್ಣಿನ ಕುಂಡ ಬ್ಯಾಸಗ್ಯಾಗ ತಾನೇ ನೀರ ಕುಡೀತದ, ಅದಕ್ಕ ಪ್ಲಾಸ್ಟಿಕ್ಕೇ ಇರ್ಲಿ, ಬುಡಕ್ಕ ನಾಕು ತೂತ ಮಾಡು. ಮನ್ಯಾಗ ಕಿವಿ ಮುರದ ಒಂದ್ ಬಟ್ಟಿ ಟಬ್ ಇತ್ತು, ಅದೇ ಆಯ್ತು. ಬಿಸಲು ಮುಂಜಾನಿ ಒಂಬತ್ತರ ತನ ಸಾಕು, ಆಮ್ಯಾಲ ನೆಳ್ಳ ಬೇಕೇಬೇಕು. ನೀರು ಗ್ಲಾಸ್ ಲೆಕ್ಕದಾಗ ಅಲ್ಲ, ಮಣ್ಣಿಗಿ ಬೆರಳ ಹಚ್ಚಿದ್ರ ಹಸಿ ಹತ್ಬೇಕು, ಯಾವಾಗ್ಲೂ, ಬ್ಯಾಸಗ್ಯಾಗ ಎರಡ್ ಹೊತ್ತು.

ಇಲ್ಲೀತನ ಸರಿ ಇತ್ತು. ಏಪ್ರಿಲ್‌ದಾಗ ನಾನೇ ಶಾಣ್ಯಾತನ ಮಾಡ್ಲಾಕ ಹೋದೆ. ನಮ್ಮೂರ ಬ್ಯಾಸಗಿ ನಿಮಗ ಹೇಳ್ಬೇಕಿಲ್ಲ, 42 ಡಿಗ್ರಿ ದಾಟಿದ ಮ್ಯಾಲ ಮನ್ಯಾಗ ಕೂಲರ್ ಹಗಲೂ ರಾತ್ರಿ ತಿರಗ್ತದ, ಅದರ ಟಾಕಿ ಒಂದ್ ಮೂಲಿಲಿಂದ ಟಪ್ ಟಪ್ ಅಂತ ಸೋರ್ತದ, ಅರೇ ಸುಮ್ನ ಹೋಗ್ಲತ್ತದಲಾ ಅಂತ ಟಬ್ ಅದರ ಕೆಳಗೇ ಇಟ್ಟೆ, ನೀರಿಗಿ ನೀರು ಥಂಡಿಗಿ ಥಂಡಿ ಅಂತ ನನ್ನ ಬೆನ್ನ ನಾನೇ ತಟ್ಕೊಂಡೆ. ಹತ್ತ್ ದಿನಕ್ಕ ನೋಡ್ತೀನಿ, ಎಲಿ ಅಂಚು ಸುಟ್ಟ ಹಪ್ಪಳದಂಗ ಕಂದು, ಮಣ್ಣಿನ ಮ್ಯಾಲ ಬೆಳ್ಳನ ಪೊರಿ, ಉಗುರಿಲೇ ಕೆರದ್ರ ಪುಡಿ ಪುಡಿ ಬರ್ತದ. ನೀರ ಕಮ್ಮಿ ಆಗ್ಯದ ಅಂತ ಮತ್ತ ಹೆಚ್ಚ ಸೋರೋಹಂಗ ಮಾಡಿದೆ! ಇನ್ನಷ್ಟು ಸುಟ್ಟಿತು.

ಕಾಕಾ ಆಡಿಯೋದಾಗ ನಕ್ಕೇ ನಕ್ಕರು. ಕೂಲರ್ ಬರೇ ನೀರ ಹಾರಸ್ತದ ತಂಗಿ, ಉಪ್ಪು ಸುಣ್ಣ ಹಾರಸ್ತದೇನು? ಬೋರ್ ನೀರು ಮೊದಲೇ ಸೌಳು, ನಮ್ಮ ಗೀಜರ್ ರಾಡ್ ಮ್ಯಾಲ ಕಟ್ಟೋ ಪೊರಿ ನೋಡಿದ್ರ ಗೊತ್ತಾಗ್ತದ, ದಿನಾ ಅದನ್ನೇ ಟಾಕಿಗಿ ಸುರೀತೀವಿ, ನೀರು ಹಾರಿ ಹೋಗ್ತದ, ಉಪ್ಪೆಲ್ಲಾ ತಳಕ್ಕ ಉಳದು ಮಂದ ಆಗ್ಕೋತ ಹೋಗ್ತದ, ಸೋರೋದು ಅದೇ ತಳದ ನೀರು. ನಾ ಒಂದೆಲಗಕ್ಕ ಹತ್ತ್ ದಿನ ಉಪ್ಪಿನಕಾಯಿ ಹಾಕೀನಿ ಅನ್ರಿ.

ಉಪಾಯ ಒಂದೇ, ಒಳ್ಳೆ ನೀರ ಹಾಕಿ ಉಪ್ಪು ಕೆಳಗ ಇಳಸೋದು. ಭೀಮಾ ನದಿ ನೀರು ನಳಕ್ಕ ಬಂದ ದಿನ ಒಂದ್ ಡ್ರಮ್ ಹಿಡದು ಇಟ್ಟು, ಮರುದಿನ ಆ ನೀರ ತೂತಿನಿಂದ ಧಾರ ಬರೋ ತನ ಸುರವಿದೆ, ಹಿಂಗ ಮೂರ್ ಸಲ. ಸುಟ್ಟ ಎಲಿ ಎಲ್ಲಾ ಕತ್ತರಿಸಿ ಬಿಟ್ಟೆ. ಟಬ್ ಉತ್ತರದ ಗ್ವಾಡಿ ಬಾಜೂಕ ಇಟ್ಟು ಸುತ್ತ ಹಸಿ ಗೋಣಿ ಚೀಲ ಕಟ್ಟಿದೆ. ಫರಸಿ ಮ್ಯಾಲ ಸೀದಾ ಇಡಬ್ಯಾಡ್ರಿ, ಶಾಬಾದಿ ಕಲ್ಲ ಮಧ್ಯಾಹ್ನ ಹಂಚಿನಂಗ ಕಾಯ್ತದ, ಎರಡ್ ಇಟ್ಟಂಗಿ ಕೊಟ್ಟು ಎತ್ತರಸ್ರಿ. ಮೇ ತಿಂಗಳಾಗ ಬೋಳಾಗಿತ್ತು, ಸತ್ತದ ಅಂತ ಅತ್ತಿಯವರು ಟಬ್ ಖಾಲಿ ಮಾಡ್ಲಾಕ ನಿಂತಿದ್ರು. ಮೃಗಶಿರಾ ಮಳಿ ಎರಡ್ ಬಿದ್ದಿದ್ದೇ ತಡ, ಗೆಣ್ಣಿಲಿಂದ ಸಾಸಿವಿ ಕಾಳಿನಷ್ಟು ಹಸರ ಮುಖ ತೋರ್ಸಿತು, ಶ್ರಾವಣ ಬರೋದ್ರಾಗ ಟಬ್ ತುಂಬಿ ದಂಡಿ ಹಾರಿ ಹೊರಗ ಇಳದಿತ್ತು.

ಮತ್ತ ಆ ನೀರಬ್ರಾಹ್ಮಿ? ಸಿಟ್ಟಿಲೇ ಅದನ್ನ ತೂತಿಲ್ಲದ ಹಳೀ ಬಕೀಟಿನಾಗ ಅರ್ಧಾ ಮಣ್ಣ ಅರ್ಧಾ ನೀರ ಹಾಕಿ ಹಿತ್ತಲದಾಗ ಒಗದಿದ್ದೆ, ಅದಕ್ಕ ನೀರಾಗೇ ನಿಲ್ಲೋದು ಬೇಕಂತ, ಬ್ಯಾಸಗಿ ಪೂರಾ ಜಗ್ಗಲಿಲ್ಲ, ತಿಳಿ ನೀಲಿ ಬಿಳಿ ಸಣ್ಣ ಹೂವ ಬಿಟ್ಕೊಂಡು ಕುಂತದ. ನೀರು ನಿಂತಲ್ಲಿ ಸೊಳ್ಳಿ ಹುಳ ಆಗ್ತಾವ, ವಾರಕ್ಕೊಮ್ಮೆ ನೀರ ಚೆಲ್ಲಿ ಬದಲ ಮಾಡ್ಬೇಕು, ಅದೊಂದೇ ಕೆಲಸ. ಮುತುವರ್ಜಿ ಮಾಡಿದ್ದು ಒಣಗಿತು, ಬಯ್ಕೊಂಡು ಒಗದಿದ್ದು ಬೆಳೀತು.

ಎಲಿ ಕೊಯ್ಯೋವಾಗ ಜಗ್ಗಬ್ಯಾಡ್ರಿ, ಬಳ್ಳಿನೇ ಕಿತ್ತು ಬರ್ತದ, ಕತ್ರಿ ತಗೊಂಡು ದಂಟಿನ ಬುಡಕ್ಕ ಕತ್ತರಿಸ್ರಿ, ಎಳೀ ಎಲಿ ಬಿಡ್ರಿ. ಟೀಚರ್ ತಂಬುಳಿ ಮಾಡಿ ಕೊಟ್ರು, ಮಜ್ಜಿಗಿ ಹಾಕಿದ್ದು, ಚಲೋ ಇತ್ತು, ಆದ್ರ ನಮ್ಮ ಮನ್ಯಾಗ ರೊಟ್ಟಿ ಜೋಡಿ ಅದು ನಡಿಯಂಗಿಲ್ಲ. ನಾ ಒಂದ್ ಹಿಡಿ ಎಲಿ ತುಸು ಎಣ್ಣ್ಯಾಗ ಬಾಡಿಸಿ, ಹುರದ ಶೇಂಗಾ, ಹಸಿ ಮೆಣಸಿನಕಾಯಿ, ಬಳ್ಳೊಳ್ಳಿ, ಒಂಚೂರು ಹುಣಸಿ ಹಾಕಿ ಒಳ್ಳಾಗ ಕುಟ್ಟಿದೆ, ಮನಿಯವರು ಮೂರ್ ರೊಟ್ಟಿ ತಿಂದು ಏನ್ ಚಟ್ನಿ ಇದು ಅಂತ ಕೇಳಿದ್ರು. ಮಗ ಮಾತ್ರ ಮುಟ್ಟಲಿಲ್ಲ, ಪರೀಕ್ಷಿ ತನ್ನ ಪಾಡಿಗಿ ತಾ ಮುಗೀತು, ಪಾಸೂ ಆದ, ಅದಕ್ಕ ನೆನಪಿನ ಶಕ್ತಿ ಬಗ್ಗೆ ನನ್ನ ಹತ್ರ ಯಾವ ಸಾಕ್ಷಿನೂ ಇಲ್ಲ. ಹೈದರಾಬಾದ್‌ಲಿಂದ ಬಂದ ನಮ್ಮ ನಾದಿನಿ ಮಗಳು ಮಾರಿಗಿ ಸಿಕಾ ಕ್ರೀಮ್ ಅಂತ ಹಚ್ಕೋತಿದ್ಳು, ಡಬ್ಬಿ ತಿರುವಿ ನೋಡಿದ್ರ ಸೆಂಟೆಲ್ಲಾ ಏಷಿಯಾಟಿಕಾ! ಆ ಬಟ್ಟಲಷ್ಟು ಡಬ್ಬಿ ರೊಕ್ಕದಾಗ ಎಷ್ಟ್ ಟಬ್ ಬರ್ತಾವ ಅಂತ ಲೆಕ್ಕ ಹಾಕಿ ಅತ್ತಿಯವರು ಇನ್ನೂ ನಗ್ಲತ್ತಾರ.

ಎರಡ್ ಎಚ್ಚರಿಕಿ. ನಾಲಿ ದಂಡೀಗ, ರೋಡ್ ಬಾಜೂಕ ಬೆಳದ ಒಂದೆಲಗ ಕಿತ್ತು ತಿನ್ನಬ್ಯಾಡ್ರಿ, ಇದು ಮಣ್ಣಿನಾಗಿನ ಸೀಸದಂಥಾ ಲೋಹ ಹೀರ್ಕೋತದ, ಅದು ಎಲ್ಯಾಗೂ ಸೇರ್ತದ. ಮತ್ತ ಬಸುರಿದ್ದವರು, ಲಿವರ್ ತ್ರಾಸ ಇದ್ದವರು, ದಿನಾ ಗುಳಿಗಿ ತಗೊಳೋರು ಡಾಕ್ಟರ್ ಕೇಳದೇ ಔಷಧ ಅಂತ ದಿನಾ ತಿನ್ನಾಕ ಹೋಗಬ್ಯಾಡ್ರಿ, ವಾರಕ್ಕೊಮ್ಮೆ ಚಟ್ನಿ ಬ್ಯಾರೆ, ದಿನಾ ಗ್ಲಾಸ್ ತುಂಬ ರಸ ಬ್ಯಾರೆ.

ನರ್ಸರಿದು ಉಳದ ಮಾತು: ಪಾರ್ಕಿಂಗ್ ಇಲ್ಲ, ಲಾರಿ ಬಂದ್ರ ಗಾಡಿ ಎತ್ತಬೇಕು. ಗೊಬ್ಬರ ಚೀಲ ಮನಿಗಿ ಮುಟ್ಟಿಸ್ತಾರ, ಹೇಳಿದ ದಿನಕ್ಕ ಅಲ್ಲ. ಗುಲಾಬಿ, ದಾಸಾಳ ಆರೋಗ್ಯವಾಗಿರ್ತಾವ, ರೇಟ್ ಊರಿಗಿಂತ ಹತ್ತಿಪ್ಪತ್ತು ರೂಪಾಯಿ ಕಮ್ಮಿನೇ. ಹೋಗೋದಿದ್ರ ಮುಂಜಾನಿ ಹತ್ತರೊಳಗ ಹೋಗ್ರಿ, ಕೌಂಟರ್‌ದಾಗ ಕೇಳಬ್ಯಾಡ್ರಿ, ಬ್ರಾಹ್ಮಿ ಅಂತಂತೂ ಕೇಳಲೇಬ್ಯಾಡ್ರಿ, ಸೀದಾ ಹಿಂದ ನಳದ ಹತ್ರ ಹೋಗಿ ಕಾಕಾಗ ಗುಂಡನ ಎಲಿದು, ಒಂದೆಲಗ ಅನ್ರಿ. ಐತ್ವಾರ ಕಾಕಾ ಬರಂಗಿಲ್ಲ.