ಪಿಟಿಒಗೆ ಕಚ್ಚಿಕೊಂಡ ಶಾಫ್ಟ್: ಸುತ್ತಿಗೆ, ಗ್ಯಾಸ್, ಪುಲ್ಲರ್ ಮೂರೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎರಡು ಕಾಲಿನ ಪುಲ್ಲರ್‌ಗೆ, ಅಂದರೆ ಕಾಲಿನ ಕೊಕ್ಕೆಯಿಂದ ಹಿಡಿದು, ನಡುವಿನ ಸ್ಕ್ರೂ ತಿರುಗಿಸಿ, ಕಚ್ಚಿಕೊಂಡದ್ದನ್ನು ಜಗ್ಗಿ ತೆಗೆಯುವ ಸಾಧನಕ್ಕೆ. ಮೂರು ಕಾಲಿನದಕ್ಕಲ್ಲ. ಆ ಒಂದು ಕಾಲಿನ ವ್ಯತ್ಯಾಸ ಗೊತ್ತಿಲ್ಲದೆ ಹುಬ್ಬಳ್ಳಿಗೆ ಎರಡು ಸಲ ಬಸ್ ಹತ್ತಿದೆ.

ನಮ್ಮದು ಅಣ್ಣಿಗೇರಿ ಕಡೆಯ ಎರೆ ಹೊಲ. ಹೆಸರು ಕಾಳಿನ ಬೆಳೆ ಬಂದ ಮೇಲೆ ರೋಟಾವೇಟರ್ ಹೊಡೆದು ಹಿಂಗಾರಿಗೆ ಕಡಲೆ ಬಿತ್ತುವುದು ರೂಢಿ. ಟ್ರ್ಯಾಕ್ಟರ್ ಅಪ್ಪನ ಕಾಲದ್ದು, 35 ಎಚ್‌ಪಿ. ಈ ಸಲ ರೋಟಾವೇಟರ್ ಬಿಚ್ಚಿ ಬಿತ್ತುವ ಕೂರಿಗೆ ಜೋಡಿಸೋಣ ಅಂತ ಹೋದರೆ ಜಾಯಿಂಟ್ ಶಾಫ್ಟಿನ ಮುಂದಿನ ಅರ್ಧ ಪಿಟಿಒ ಬಿಟ್ಟು ಬರಲೇ ಇಲ್ಲ. ಪಿಟಿಒ ಅಂದರೆ ಟ್ರ್ಯಾಕ್ಟರಿನ ಹಿಂದೆ ಚಾಚಿರುವ ತಿರುಗುವ ಶಾಫ್ಟ್, ಅದರ ತಿರುಗನ್ನು ರೋಟಾವೇಟರಿಗೆ ಮುಟ್ಟಿಸುವುದು ಜಾಯಿಂಟ್ ಶಾಫ್ಟ್. ಒಂದು ವರ್ಷದಿಂದ ಬಿಚ್ಚಿರಲಿಲ್ಲ, ಗ್ರೀಸೂ ಹಾಕಿರಲಿಲ್ಲ. ಎರೆ ಮಣ್ಣು, ಮಳೆ ನೀರು, ತುಕ್ಕು ಮೂರೂ ಸೇರಿ ಪಿಟಿಒ ತುದಿಯ ಆರು ಹಲ್ಲಿನ ಸ್ಪ್ಲೈನ್ (ಉದ್ದುದ್ದ ಹಲ್ಲು) ಮೇಲೆ ಯೋಕನ್ನು, ಅಂದರೆ ಜಾಯಿಂಟ್ ಶಾಫ್ಟಿನ ತುದಿಯ ಕವಲು ತುಂಡನ್ನು, ಬೆಸುಗೆ ಹಾಕಿದ ಹಾಗೆ ಹಿಡಿದಿದ್ದವು. ಹೊಲದಲ್ಲಿ ಹಸಿ ಆರುತ್ತಿತ್ತು.

ಎಲ್ಲರ ಹಾಗೆ ನಾನೂ ಮೊದಲು ಎತ್ತಿದ್ದು ಸುತ್ತಿಗೆ. ಖರ್ಚಿಲ್ಲ, ಸಿಟ್ಟೂ ತೀರುತ್ತದೆ. ಆದರೆ ಏಟು ತಪ್ಪಿ ಸ್ಪ್ಲೈನ್ ಹಲ್ಲಿಗೆ ಬಿದ್ದರೆ ಅಲ್ಲಿ ಬೆರಳಿಗೂ ಸಿಗದಷ್ಟು ಸಣ್ಣ ಮುಳ್ಳು ಏಳುತ್ತದೆ. ಯೋಕ್ ಸರಿದು ಬರಬೇಕಾದದ್ದು ಅದೇ ಹಲ್ಲಿನ ಮೇಲೆ. ಒಳಗಿರುವ ಬೇರಿಂಗಿಗೂ ಪೆಟ್ಟು ಹೋಗುತ್ತದೆ. ಒಂದು ತಾಸು ಬಡಿದ ಮೇಲೆ ನಮ್ಮ ಕಾಕಾ ಬಂದು ನಿಂತರು.

"ತಮ್ಮಾ, ಬೋಲ್ಟ್ ಪೂರಾ ಹೊರಗ ತಗದಿಯೇನು, ಬರೇ ಲೂಜ್ ಮಾಡಿಯೋ?"

"ಲೂಜ್ ಮಾಡೀನ್ರೀ ಕಾಕಾ."

"ಹಂಗಾರ ನಾಳೆ ತನಕಾ ಬಡಿ."

ಪಿಟಿಒ ಶಾಫ್ಟಿನ ಸುತ್ತ ಒಂದು ತೋಡು ಇರುತ್ತದೆ, ಬಳೆಯ ಹಾಗೆ. ಯೋಕಿನ ಬೋಲ್ಟ್ ಆ ತೋಡಿನಲ್ಲಿ ಅಡ್ಡ ಕೂತಿರುತ್ತದೆ. ನಟ್ ಸಡಿಲ ಮಾಡಿದರೆ ಏನೂ ಆಗುವುದಿಲ್ಲ, ಬೋಲ್ಟೇ ಹೊರಗೆ ಬರಬೇಕು. ಒತ್ತುವ ಪಿನ್ ಇರುವ ಯೋಕಾದರೆ ಪಿನ್ ಪೂರ್ತಿ ಒಳಗೆ ಹೋಗಬೇಕು, ತುಕ್ಕು ಹಿಡಿದ ಪಿನ್ ಅರ್ಧಕ್ಕೇ ನಿಲ್ಲುತ್ತದೆ. ನಾನು ಒಂದು ತಾಸು ಬಡಿದದ್ದು ತುಕ್ಕಿನ ಮೇಲಲ್ಲ, ಬೋಲ್ಟಿನ ಮೇಲೆ!

ಬೇವಿನ ಗಿಡಕ್ಕೆ ಸರಪಳಿ ಕಟ್ಟಿ ಟ್ರ್ಯಾಕ್ಟರ್ ಮುಂದೆ ಬಿಡು ಅಂದವರೂ ಇದ್ದಾರೆ. ಬೇಡ. ಜಗ್ಗುವ ಭಾರವೆಲ್ಲ ಪಿಟಿಒ ಬೇರಿಂಗ್ ಮತ್ತು ಅದರ ಲಾಕ್ ಮೇಲೆ ಬೀಳುತ್ತದೆ. ಸರಪಳಿ ಹರಿದರೆ ಯಾರ ಕಡೆ ಹಾರುತ್ತದೋ ಹೇಳಲು ಬರುವುದಿಲ್ಲ.

ಬೋಲ್ಟ್ ತೆಗೆದ ಮೇಲೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯೆಲ್ಲ ಬಿಟ್ಟೆ. ಮರುದಿನ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿದೆ. ಎರಡರಲ್ಲಿ ನನಗೆ ಕಂಡ ವ್ಯತ್ಯಾಸ ರೇಟು ಮಾತ್ರ. ಎಣ್ಣೆ ಒಂದರಿಂದಲೇ ಯೋಕ್ ಬರುವುದಿಲ್ಲ, ಆದರೆ ಎಣ್ಣೆ ಹಾಕಿದರೆ ಮುಂದೆ ಜಗ್ಗುವ ಕೆಲಸ ಹಗುರಾಗುತ್ತದೆ.

ಗ್ಯಾಸ್ ಕಥೆ ಬೇರೆ. ನಾಲ್ಕು ವರ್ಷದ ಹಿಂದೆ ಇದೇ ಗಾಡಿಗೆ ಇದೇ ಗತಿ ಬಂದಾಗ ಒಬ್ಬ ವೆಲ್ಡಿಂಗ್‌ನವರು ಯೋಕನ್ನು ಕೆಂಪಗೆ ಕಾಯಿಸಿ ಹತ್ತು ನಿಮಿಷದಲ್ಲಿ ತೆಗೆದುಕೊಟ್ಟಿದ್ದರು. ಖುಷಿಯಲ್ಲಿ ಚಹಾ ಕುಡಿಸಿ ಕಳಿಸಿದ್ದೆ. ವಾರದೊಳಗೆ ಪಿಟಿಒ ಬುಡದಿಂದ ಎಣ್ಣೆ ತೊಟ್ಟಿಕ್ಕಲು ಶುರುವಾಯಿತು. ಶಾಫ್ಟಿನ ಬುಡದಲ್ಲಿರುವ ಸೀಲ್ ರಬ್ಬರಿನದು, ಸಾಮಾನ್ಯ ಸೀಲ್ ತಾಳುವುದೇ ಹೆಚ್ಚುಕಡಿಮೆ 100 ಡಿಗ್ರಿ. ಸೀಲಿಗೆ ದೊಡ್ಡ ಬೆಲೆ ಇಲ್ಲ. ಆದರೆ ಟ್ರ್ಯಾಕ್ಟರಿನ ಹಿಂಭಾಗದ ಎಣ್ಣೆ ಇಳಿಸಿ, ಕವರ್ ಬಿಚ್ಚಿ, ಮತ್ತೆ ಕೂರಿಸುವ ಕೂಲಿ ಜಾಸ್ತಿ. ಲೆಕ್ಕ ಹಾಕಿದರೆ 35 ಎಂಎಂ ತೂತಿನ ಯೋಕ್ ಇನ್ನೂರು ಡಿಗ್ರಿ ಏರಿದರೂ ಹಿಗ್ಗುವುದು 0.08 ಎಂಎಂ, ಒಂದು ಕೂದಲಿನಷ್ಟು. ಅಷ್ಟಕ್ಕೆ ಕೆಂಪಗೆ ಕಾಯಿಸಬೇಕಿರಲಿಲ್ಲ ಅಲ್ವಾ? ಕಾಯಿಸಲೇಬೇಕು ಅಂದರೆ ಶಾಫ್ಟಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಯೋಕಿಗೆ ಮಾತ್ರ ಬೆಂಕಿ ತಾಗಿಸಿ. ಸ್ಪ್ರೇ, ಡೀಸೆಲ್ ಹಾಕಿದ ಜಾಗಕ್ಕೆ ಬೆಂಕಿ ತರಬೇಡಿ.

ಹೀಗಾಗಿ ಈ ಸಲ ಪುಲ್ಲರ್. ಹುಬ್ಬಳ್ಳಿಗೆ ಹೋಗಿ 1,100 ರೂಪಾಯಿ ಕೊಟ್ಟು ಮೂರು ಕಾಲಿನದು ತಂದೆ. ಮೂರು ಕಾಲು ಅಂದರೆ ಹಿಡಿತ ಚೆನ್ನಾಗಿರುತ್ತದೆ ಅಂತ ನನ್ನ ಲೆಕ್ಕ. ತಂದು ಹಚ್ಚಲು ಹೋದರೆ ಜಾಗವೇ ಇಲ್ಲ. ಪುಲ್ಲರಿನ ನಡುವಿನ ಸ್ಕ್ರೂ ಶಾಫ್ಟಿನ ತುದಿಗೆ ಒತ್ತಬೇಕು. ಅಲ್ಲಿ ಮುಂದೆಯೇ ಎರಡು ಯೋಕುಗಳನ್ನು ಸೇರಿಸುವ ಕೂಡಿಸು ಗುರುತಿನಂಥ ಕ್ರಾಸ್ ಕೂತಿದೆ! ಅಂಗಡಿಯಲ್ಲಿ ನಿಂತಾಗ ಇದು ತಲೆಗೇ ಹೊಳೆಯಲಿಲ್ಲ.

ಸರಿ, ಕ್ರಾಸ್ ಬಿಚ್ಚಿದೆ. ನಾಲ್ಕು ಸರ್‌ಕ್ಲಿಪ್ (ಹಿಡಿದಿಡುವ ಸ್ಪ್ರಿಂಗ್ ಬಳೆ), ನಾಲ್ಕು ಬೇರಿಂಗ್ ಬಟ್ಟಲು. ಎರಡು ಬಟ್ಟಲು ಸುಲಭವಾಗಿ ಬಂದವು, ಉಳಿದೆರಡಕ್ಕೆ ಮಧ್ಯಾಹ್ನದ ಊಟ ತಪ್ಪಿತು. ಈಗ ಯೋಕ್ ಒಂದೇ ಉಳಿಯಿತು, ಎರಡು ಕಿವಿಯ ಹಾಗೆ ಎರಡು ಕಡೆ ಚಾಚಿಕೊಂಡು. ಪುಲ್ಲರಿನ ಕಾಲು ಯೋಕಿನ ಹಿಂದೆ ಸಿಕ್ಕಿಸೋಣ ಅಂದರೆ ಅಲ್ಲಿ ಪಿಟಿಒ ಗಾರ್ಡ್. ಗಾರ್ಡ್ ಬಿಚ್ಚಿದೆ. ಆಗಲೂ ಹಿಂದಿನ ಅಂಚು ದುಂಡಗಿದ್ದರಿಂದ ಸ್ಕ್ರೂ ಬಿಗಿ ಮಾಡಿದ ಹಾಗೆಲ್ಲ ಕಾಲು ಜಾರಿ ಜಾರಿ ಬಂತು. ನಾಲ್ಕನೇ ಸಲ ಜಾರಿದಾಗ ಬೆರಳಿನ ಗಂಟು ಕಿತ್ತಿತು.

ಆ ರಾತ್ರಿ ಬೆರಳಿಗೆ ಅರಿಶಿನ ಹಚ್ಚಿಕೊಂಡು ಕೂತಾಗ ಹೊಳೆಯಿತು. ಕ್ರಾಸಿನ ಬಟ್ಟಲು ಕೂರುತ್ತಿದ್ದ ತೂತುಗಳು ಕಿವಿಯಲ್ಲಿ ಹಾಗೇ ಇವೆ. ಕೊಕ್ಕೆಯನ್ನು ಅಲ್ಲೇ ಸಿಕ್ಕಿಸಬಹುದಲ್ಲ! ಆದರೆ ಕಿವಿ ಎರಡು, ನನ್ನ ಪುಲ್ಲರಿಗೆ ಕಾಲು ಮೂರು. ಒಂದು ಕಾಲು ಬಿಚ್ಚಿ ಎರಡಕ್ಕೆ ಇಳಿಸುವ ಪುಲ್ಲರ್‌ಗಳೂ ಸಿಗುತ್ತವೆ, ನನ್ನದು ಆ ಜಾತಿಯದಲ್ಲ. ಮತ್ತೆ ಬಸ್. ಬದಲಿಸಿ ಕೊಡಲು ಅಂಗಡಿಯವರು ಸ್ವಲ್ಪ ಗೊಣಗಿದರು, ಕೊನೆಗೆ ಕೊಟ್ಟರು.

ಎರಡು ಕಾಲಿನದು ಹತ್ತಿಸಿದೆ. ಬಿಗಿ ಮಾಡಿದಾಗ ಕಾಲು ಹೊರಗೆ ಅಗಲಬಾರದು ಅಂತ ಎರಡನ್ನೂ ಸೇರಿಸಿ ಸಿ-ಕ್ಲ್ಯಾಂಪ್ ಹಾಕಿದೆ. ಶಾಫ್ಟಿನ ತುದಿಯ ನಡುವೆ ಲೇತ್‌ನಲ್ಲಿ ಕೊರೆದ ಸಣ್ಣ ಕುಳಿ ಇರುತ್ತದೆ, ಸ್ಕ್ರೂ ಅದರಲ್ಲೇ ಕೂತಿತು. ಮೇಲೆ ಗೋಣಿಚೀಲ ಹೊದಿಸಿ, ಪಕ್ಕಕ್ಕೆ ನಿಂತು ಪಾನಾ ಹಾಕಿದೆ. ಇನ್ನು ಪಾನಾ ತಿರುಗುವುದಿಲ್ಲ ಅಂದಾಗ ಯೋಕಿನ ಬದಿಗೆ ಸುತ್ತಿಗೆಯಿಂದ ಎರಡೇ ಏಟು. ಟಕ್ ಅಂತು. ಯೋಕ್ ಕಾಲು ಇಂಚಿನಷ್ಟು ಸರಿಯಿತು. ಉಳಿದದ್ದು ಹತ್ತು ನಿಮಿಷದ ಕೆಲಸ.

ಗ್ರೈಂಡರ್‌ನಿಂದ ಯೋಕ್ ಸೀಳುವುದೂ ಒಂದು ದಾರಿ. ಕೈ ಪಳಗಿದವರಿಗೆ ಮಾತ್ರ, ಬ್ಲೇಡ್ ಸ್ಪ್ಲೈನ್ ಮುಟ್ಟಿದರೆ ಶಾಫ್ಟೇ ಹೋಗುತ್ತದೆ.

ಗ್ಯಾಸ್‌ನವರು ಊರಲ್ಲೇ ಇದ್ದು, ಕೈ ಹುಷಾರಿನವರಾಗಿದ್ದರೆ ನಿಮಗೆ ಅದೇ ಬೇಗ ಆದೀತು. ನಾನು ಸಂಜೆ ಒಬ್ಬನೇ ಕೂತು ಕೆಲಸ ಮಾಡುವವನು. ಇನ್ನೊಂದು ಸಲ ಸೀಲಿಗೆ ದುಡ್ಡು ಹಾಕುವ ಮನಸ್ಸಿಲ್ಲ. ಪುಲ್ಲರ್ ಒಮ್ಮೆ ತಂದರೆ ಮೋಟರಿನ ಪುಲ್ಲಿ ತೆಗೆಯಲೂ ಬರುತ್ತದೆ. ಸ್ಪ್ಲೈನ್ ಮುಳ್ಳುಗಳನ್ನು ಅರದಿಂದ ಉಜ್ಜಿ, ಗ್ರೀಸ್ ಬಳಿದು, ಮೂರನೇ ದಿನ ಕೂರಿಗೆ ಜೋಡಿಸಿದೆ. ಪುಲ್ಲರ್ ಈಗ ಕಾಕಾನ ಮನೆಯಲ್ಲಿದೆ, ಅವರದ್ದೂ ಕಚ್ಚಿಕೊಂಡಿದೆಯಂತೆ. ಬೋಲ್ಟ್ ಪೂರಾ ತೆಗೆದಿದ್ದೀರೇನು ಅಂತ ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.