ಹಾಡು ಹೇಳಿಸಿ ಮಾತು ಕಲಿಸುವ ಸ್ಪೀಚ್ ಥೆರಪಿ ಸೆಂಟರ್, ಕಲಬುರಗಿ: ಐದಕ್ಕೆ ನಾಲ್ಕು ಸ್ಟಾರ್

ನಮ್ಮ ಮಗಳಿಗೆ ಹುಟ್ಟುವಾಗಲೇ ಅಂಗುಳ ಸೀಳಿತ್ತು. ವರ್ಷ ತುಂಬುವ ಹೊತ್ತಿಗೆ ಆಪರೇಷನ್ ಆಯಿತು, ಗಾಯವೂ ಚೆನ್ನಾಗಿ ಮಾಯಿತು, ಆದರೆ ಮಾತು ಮೂಗಿನಿಂದಲೇ ಬರುತ್ತಿತ್ತು. 'ಅಪ್ಪ' ಅನ್ನಲು ಹೋದರೂ 'ಅಮ್ಮ' ಅಂದಂತೆ ಕೇಳುತ್ತಿತ್ತು. ಪ, ಬ, ತ, ಕ ಹೇಳಬೇಕಾದರೆ ಬಾಯಲ್ಲಿ ಗಾಳಿ ಒತ್ತಿ ಹಿಡಿಯಬೇಕು, ಅದಕ್ಕೆ ಹಿಂದಿನ ಮೆತ್ತನೆಯ ಅಂಗುಳ ಮೇಲೆದ್ದು ಮೂಗಿನ ದಾರಿ ಮುಚ್ಚಬೇಕು. ಮ, ನ ಹೇಳಲು ಅದು ಬೇಕಿಲ್ಲ.

ಮೊದಲು ಬೇರೊಂದು ಕಡೆ ತೋರಿಸಿದ್ದೆವು. ಅಲ್ಲಿ ಬರೀ ಪೀಪಿ ಊದಿಸಿದರು, ಬಲೂನ್ ಊದಿಸಿದರು. ಊದುವುದರಿಂದ ಮಾತು ತಿದ್ದುವುದಿಲ್ಲ, ಮಾತು ಬರಬೇಕಾದರೆ ಆ ಅಕ್ಷರವನ್ನೇ ಹೇಳಿಸಬೇಕು ಅಂತ ತಿಳಿಸಿದ್ದು ಸೇಡಂ ರಸ್ತೆ ಕಡೆಯ ಈ ಸೆಂಟರಿನ ಮೇಡಂ.

ಇವರು ಮೊದಲ ದಿನವೇ ಹಾಡು ಶುರು ಮಾಡಲಿಲ್ಲ, ಅದು ನನಗೆ ತುಂಬಾ ಹಿಡಿಸಿತು. ಮಗು 'ಪಾ ಪಾ' ಅನ್ನುವಾಗ ಮೂಗಿನ ಕೆಳಗೆ ಸಣ್ಣ ಕನ್ನಡಿ ಹಿಡಿದು ಮಂಜು ಕೂರುತ್ತದಾ ನೋಡಿದರು. ಕಿವಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂದರು. ಈ ಮಕ್ಕಳಿಗೆ ಕಿವಿಯೊಳಗೆ ನೀರು ತುಂಬುವುದು ಜಾಸ್ತಿ, ಸರಿಯಾಗಿ ಕೇಳಿಸದಿದ್ದರೆ ಸರಿಯಾಗಿ ಹೇಳುವುದು ಹೇಗೆ, ಅಲ್ವಾ?

ಆಮೇಲೆ ಹಾಡು. ಸುಮ್ನೆ ಯಾವುದೋ ಶಿಶುಗೀತೆ ಅಲ್ಲ, ಮೇಡಂ ತಾವೇ ಕಟ್ಟಿದ ಸಾಲು: 'ಪಾಪು ಪೀಪಿ, ಪಾ ಪಾ ಪೀ'. ಅದರಲ್ಲಿ ಒಂದೂ ಮ ಇಲ್ಲ, ನ ಇಲ್ಲ. ಡೋಲಕ್ ಮೇಲೆ ನಿಧಾನ ತಾಳ ಹಾಕಿ, ಒಂದೊಂದು ಪೆಟ್ಟಿಗೆ ಒಂದೊಂದು ಅಕ್ಷರ ಹೇಳಿಸಿ, ಕೊನೆಯ ಅಕ್ಷರಕ್ಕೆ ತಾವು ನಿಲ್ಲಿಸಿ ಮಗುವಿನ ಮುಖ ನೋಡುತ್ತಾರೆ, ಅವಳೇ ಅದನ್ನು ತುಂಬಬೇಕು. 'ಪ ಅನ್ನು' ಅಂತ ಕೂರಿಸಿದರೆ ಎರಡು ಸಲಕ್ಕೆ ಮುಖ ತಿರುಗಿಸುವವಳು ಹಾಡಾದರೆ ದಣಿಯದೆ ಹೇಳುತ್ತಾಳೆ. ಕೆಲಸ ಮಾಡುವುದು ಹಾಗೆ ಮತ್ತೆ ಮತ್ತೆ ಹೇಳುವುದೇ, ರಾಗ ಅದಕ್ಕೆ ದಾರಿ ಅಷ್ಟೇ. ಹಾಡಿನಲ್ಲಿ ಪ ಬಂತು ಅಂತ ನಾವು ಕುಣಿದಾಡುವಷ್ಟರಲ್ಲಿ ಮೇಡಂ ರಾಗ ಬಿಡಿಸಿ ಬರೀ ತಾಳ, ಆಮೇಲೆ ತಾಳವೂ ಇಲ್ಲದೆ ಬರೀ ಮಾತು ಮಾಡಿಸಿದರು. ಈಗ 'ಅಪ್ಪ' ಸ್ಪಷ್ಟವಾಗಿದೆ. ಕ, ಗ ಇನ್ನೂ ಬಾಕಿ.

ಅಂಗುಳ ಮೂಗಿನ ದಾರಿಯನ್ನು ಪೂರ್ತಿ ಮುಚ್ಚದೇ ಇದ್ದರೆ ಯಾವ ಹಾಡೂ ಸಾಲದು, ಇನ್ನೊಂದು ಆಪರೇಷನ್ ಬೇಕಾಗಬಹುದು ಅಂತಲೂ ನೇರವಾಗಿ ಹೇಳಿದರು. ಹೀಗೆ ಹೇಳುವವರ ಮೇಲೆ ನಂಬಿಕೆ ಬರುತ್ತದೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಜಾಗಕ್ಕೆ. ರಸ್ತೆಯ ಹಾರ್ನ್ ಸದ್ದು ರೂಮಿನೊಳಗೇ ಬರುತ್ತದೆ, ಇಂಥ ಕೆಲಸಕ್ಕೆ ಅದು ದೊಡ್ಡ ತೊಂದರೆ. ಆಳಂದ, ಚಿತ್ತಾಪುರದಿಂದ ಬರುವವರು ಕಾಯಬೇಕಾಗುತ್ತದೆ, ಫೋನ್ ಮಾಡಿ ಟೈಮ್ ತೆಗೆದುಕೊಂಡೇ ಹೊರಡಿ. ಇನ್ನೂ ಆಪರೇಷನ್ ಆಗದ ಮಗು ಇದ್ದರೆ ಅಂಗನವಾಡಿಯಲ್ಲಿ ಕೇಳಿ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳು ತುಟಿ, ಸೀಳು ಅಂಗುಳದ ಚಿಕಿತ್ಸೆ ಉಚಿತ. ಸೆಂಟರಿಗೆ ಹೋಗುವಾಗ ಆಪರೇಷನ್ ಕಾಗದ, ಕಿವಿ ರಿಪೋರ್ಟ್ ಎರಡೂ ಜೊತೆಗಿರಲಿ.