ಟರಾಂಟುಲಾಗೆ ತರಿಸಿದ ಅಕ್ರಿಲಿಕ್ ಪೆಟ್ಟಿಗೆ: ಮುಚ್ಚಳ ಚೆನ್ನಾಗಿದೆ, ಎತ್ತರ ಜಾಸ್ತಿ

ಡಲ್ಲಾಸ್‌ನ ನಮ್ಮ ಮನೆಯಲ್ಲಿ ಮಗಳು ಚಿಲಿಯನ್ ರೋಸ್ ಟರಾಂಟುಲಾ ಅನ್ನೋ ದೊಡ್ಡ ಜೇಡ ಸಾಕಿದ್ದಾಳೆ. ಅದಕ್ಕೆ ಅಂತಲೇ ಈ ಪೆಟ್ಟಿಗೆ ತರಿಸಿದೆವು. ನನಗೆ ತುಂಬಾ ಹಿಡಿಸಿದ್ದು ಮುಚ್ಚಳ. ಜಾಲರಿ ಇಲ್ಲ, ಸಣ್ಣ ತೂತುಗಳಷ್ಟೇ. ಜಾಲರಿಯಾದರೆ ಜೇಡದ ಉಗುರು ಸಿಕ್ಕಿಕೊಳ್ಳುತ್ತದೆ, ಎಳೆದಾಡಿ ಕಾಲೇ ಕಳಚಿಹೋಗಬಹುದು.

ಎತ್ತರ ಮಾತ್ರ ಜಾಸ್ತಿ. ಇದು ನೆಲದ ಮೇಲೆ ಬದುಕುವ ಜಾತಿ. ಗೋಡೆ ಹತ್ತಿ ಬಿದ್ದರೆ ಹೊಟ್ಟೆ ಒಡೆದು ಸತ್ತೇ ಹೋಗಬಹುದು. ಅದಕ್ಕೇ ತೆಂಗಿನ ನಾರಿನ ಪುಡಿಯನ್ನು ಅರ್ಧಕ್ಕಿಂತ ಮೇಲೆ ತುಂಬಿದೆವು. ಸುಮ್ನೆ ಕೈಯಲ್ಲಿ ಹಿಡಿದು ಆಡಿಸಬೇಡಿ ಅನ್ನುವುದಕ್ಕೂ ಇದೇ ಕಾರಣ.

ಕಚ್ಚಿದರೆ ಸಾಮಾನ್ಯವಾಗಿ ಜೇನು ಕುಟುಕಿದ ಹಾಗೆ ಉರಿ. ನನಗೆ ಹೆಚ್ಚು ಭಯ ಅದರ ಕೂದಲಿನದು. ರೇಗಿದರೆ ಹಿಂಗಾಲಿನಿಂದ ಹೊಟ್ಟೆ ಕೆರೆದು ಕೂದಲು ಹಾರಿಸುತ್ತದೆ. ಚರ್ಮಕ್ಕೆ ತಾಗಿದರೆ ತುರಿಕೆ. ಕಣ್ಣಿಗೆ ಹೋದರೆ ಉಜ್ಜದೆ ಡಾಕ್ಟರ ಹತ್ತಿರ ಓಡಬೇಕು. ಹಳೆ ಪುಡಿಯಲ್ಲೂ ಆ ಕೂದಲು ಇರುತ್ತದೆ ಅಲ್ವಾ, ಪೆಟ್ಟಿಗೆ ತೊಳೆಯುವಾಗ ಗ್ಲೌಸ್, ಕನ್ನಡಕ ಎರಡೂ ಬೇಕು.

ಜೊತೆಗೆ ಬಂದ ಚಿಮಟ ತೀರಾ ಗಿಡ್ಡ. ಒಂದಡಿ ಉದ್ದದ್ದು ಬೇರೆ ತೆಗೆದುಕೊಳ್ಳಿ.